ಹ್ರಸ್ವತರಂಗ ರೇಡಿಯೊ: ಕೈತಪ್ಪುತ್ತಿರುವ ಒಂದು ಪ್ರಯೋಗ ಸಾಧನ

ನಿಮ್ಮ ಮನೆಯ ಅಟ್ಟದಲ್ಲೊ ಶಾಲೆಯ ಬೀರುವಿನಲ್ಲೊ ಹಳೆಯ ರೇಡಿಯೊ ಇದೆಯೆ? ಇದ್ದರೆ, ಗುಜರಿಗೆ ಹಾಕುವ ಮುನ್ನ ಅದರ ಮುಖಫಲಕವನ್ನು ಒಮ್ಮೆ ನೋಡಿ. ಮುಳ್ಳು ಓಡಾಡುವ ಪಟ್ಟಿಯ ಮೇಲೆ 49, 41, 31, 25, 19 ಎಂಬ ಅಂಕಿಗಳಿರಬಹುದು. ಇವು ಮೀಟರುಗಳಲ್ಲಿ ಹೇಳಿದ ತರಂಗದೂರಗಳು. 3ರಿಂದ 30 ಮೆಗಾಹರ್ಟ್ಸ್‌ವರೆಗಿನ ಆವೃತ್ತಿಗಳನ್ನು, ಅಂದರೆ 100ರಿಂದ 10 ಮೀಟರ್ ತರಂಗದೂರದ ಅಲೆಗಳನ್ನು ಹ್ರಸ್ವತರಂಗ ಅಥವಾ ಶಾರ್ಟ್‌ವೇವ್ ಎನ್ನುತ್ತೇವೆ. ಖಂಡಾಂತರದ ದನಿಯನ್ನು ಉಪಗ್ರಹವಿಲ್ಲದೆ, ಕೇಬಲ್ಲಿಲ್ಲದೆ ಮನೆಗೆ ತರುತ್ತಿದ್ದುದು ಇವೇ.

ದೂರದ ಕೇಂದ್ರಗಳನ್ನು ಹುಡುಕಿ ಕೇಳುವುದನ್ನೇ ಹವ್ಯಾಸ ಮಾಡಿಕೊಂಡವರು ಈಗಲೂ ಇದ್ದಾರೆ. ಅವರು ಸೇರಿದಲ್ಲೆಲ್ಲ ಒಂದು ಕೊರಗು ಕೇಳಿಬರುತ್ತದೆ: "ಕೇಂದ್ರಗಳು ಕಡಿಮೆಯಾದುವು, ಹೋಗಲಿ, ಇರುವುದನ್ನು ಕೇಳೋಣವೆಂದರೆ ಒಳ್ಳೆಯ ಸೆಟ್ಟೇ ಸಿಗುವುದಿಲ್ಲ." ಇದು ಹಳೆಯದರ ಮೇಲಿನ ಮೋಹ ಮಾತ್ರವೆ? ಅಥವಾ ಭೌತವಿಜ್ಞಾನದ ಆಧಾರವೇನಾದರೂ ಇದಕ್ಕಿದೆಯೆ? ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು ಸೇರಿದ ಮಧುಗಿರಿ ಶೈಕ್ಷಣಿಕ ಜಿಲ್ಲೆಯನ್ನು ಉದಾಹರಣೆಯಾಗಿ ಇಟ್ಟುಕೊಂಡು ಇದನ್ನು ಪರಿಶೀಲಿಸೋಣ. ಹ್ರಸ್ವತರಂಗದ ಪಾಠಕ್ಕೆ ಈ ಪ್ರದೇಶ ಬಹಳ ಅನುಕೂಲವಾಗಿದೆ.

ಅಲೆ ಸಾಗುವ ದಾರಿಗಳು

ಪ್ರಸಾರ ಗೋಪುರದಿಂದ ಹೊರಟ ಅಲೆ ನಿಮ್ಮನ್ನು ಮುಖ್ಯವಾಗಿ ಮೂರು ರೀತಿಯಲ್ಲಿ ತಲಪಬಹುದು. ಎಫ್‌ಎಂ ಪ್ರಸಾರದ ಅಲೆಗಳು ಹೆಚ್ಚುಕಡಿಮೆ ನೇರವಾಗಿ ಸಾಗುತ್ತವೆ. ನಡುವೆ ಬೆಟ್ಟ ಅಡ್ಡ ಬಂದರೆ, ಅಥವಾ ಭೂಮಿಯ ಬಾಗು ಅಡ್ಡ ಬಂದರೆ ಕ್ಷೀಣಿಸುತ್ತವೆ. ಮಧುಗಿರಿಯ ಏಕಶಿಲಾ ಬೆಟ್ಟ, ಕೊರಟಗೆರೆಯ ಸಿದ್ಧರಬೆಟ್ಟ, ಪಾವಗಡದ ಕೋಟೆ ಬೆಟ್ಟಗಳ ಹಿಂಬದಿಯ ಹಳ್ಳಿಗಳಲ್ಲಿ ಎಫ್‌ಎಂ ಏಕೆ ತಡವರಿಸುತ್ತದೆ ಎಂಬುದಕ್ಕೆ ಇದೇ ಕಾರಣ.

ಮಧ್ಯಮ ತರಂಗ ಹಗಲಿನಲ್ಲಿ ನೆಲವನ್ನು ಅಪ್ಪಿಕೊಂಡು ಸಾಗುತ್ತದೆ. ಇದು ಭೂತರಂಗ. ನೆಲ ಎಷ್ಟು ಚೆನ್ನಾಗಿ ವಿದ್ಯುತ್ತನ್ನು ಹರಿಯಗೊಡುತ್ತದೆ ಎಂಬುದರ ಮೇಲೆ ಇದರ ವ್ಯಾಪ್ತಿ ನಿಂತಿದೆ. ಸಮುದ್ರದ ನೀರಿಗೆ ಹೋಲಿಸಿದರೆ ಒಣಗಿದ ಕಲ್ಲುನೆಲದ ವಾಹಕತೆ ಸಾವಿರಾರು ಪಾಲು ಕಡಿಮೆ. ಈ ನಾಲ್ಕೂ ತಾಲ್ಲೂಕುಗಳು ಗ್ರಾನೈಟ್ ಬಂಡೆಗಳ ಬಯಲುಸೀಮೆ. ಇಲ್ಲಿ ಭೂತರಂಗ ಬೇಗ ಸೊರಗುತ್ತದೆ. ಆವೃತ್ತಿ ಹೆಚ್ಚಿದಷ್ಟೂ ಈ ಸೊರಗುವಿಕೆ ಹೆಚ್ಚು. ಆದ್ದರಿಂದ ಹ್ರಸ್ವತರಂಗದ ಭೂತರಂಗ ಕೆಲವು ಹತ್ತು ಕಿಲೊಮೀಟರುಗಳಲ್ಲೇ ಮುಗಿದುಹೋಗುತ್ತದೆ.

ಮೂರನೆಯದು ಆಕಾಶ ತರಂಗ. ನೆಲದಿಂದ ಸುಮಾರು 60 ಕಿ.ಮೀ. ಎತ್ತರದಿಂದ ಹಲವು ನೂರು ಕಿ.ಮೀ.ವರೆಗೆ ಸೂರ್ಯನ ಅತಿನೇರಿಳೆ ಮತ್ತು ಕ್ಷ-ಕಿರಣಗಳು ಗಾಳಿಯ ಅಣುಗಳಿಂದ ಇಲೆಕ್ಟ್ರಾನುಗಳನ್ನು ಕಿತ್ತಿರುತ್ತವೆ. ಈ ಅಯಾನುಗೋಳ ಹ್ರಸ್ವತರಂಗವನ್ನು ಬಾಗಿಸಿ ಮತ್ತೆ ನೆಲಕ್ಕೆ ಕಳುಹಿಸುತ್ತದೆ. ಕೆಳಗಿನ ಡಿ ಪದರ ಹಗಲಿನಲ್ಲಿ ಮಾತ್ರ ಇದ್ದು, ಕಡಿಮೆ ಆವೃತ್ತಿಯ ಅಲೆಗಳನ್ನು ಹೀರಿಕೊಳ್ಳುತ್ತದೆ. ಮೇಲಿನ ಎಫ್ ಪದರ ರಾತ್ರಿಯೂ ಉಳಿದು ಅಲೆಗಳನ್ನು ಹಿಂದಿರುಗಿಸುತ್ತದೆ. 49 ಮತ್ತು 41 ಮೀಟರ್ ಪಟ್ಟಿಗಳು ಸಂಜೆಯ ನಂತರ ಕಳೆಗಟ್ಟುವುದೂ, 19 ಮೀಟರ್ ಪಟ್ಟಿ ಹಗಲಿನಲ್ಲಿ ಜೀವಂತವಾಗಿರುವುದೂ ಇದರಿಂದಲೇ.

ಹತ್ತಿರದವರಿಗೆ ಮೌನ, ದೂರದವರಿಗೆ ದನಿ

ಈಗ ಒಂದು ಸ್ವಾರಸ್ಯದ ಸಂಗತಿ. 1990ರ ದಶಕದಲ್ಲಿ ಆಕಾಶವಾಣಿಯು ಬೆಂಗಳೂರಿನ ಉತ್ತರಕ್ಕೆ, ದೊಡ್ಡಬಳ್ಳಾಪುರದ ಬಳಿ ಒಂದೊಂದೂ 500 ಕಿಲೊವಾಟ್ ಸಾಮರ್ಥ್ಯದ ಹ್ರಸ್ವತರಂಗ ಪ್ರೇಷಕಗಳನ್ನು ಸ್ಥಾಪಿಸಿತು. ವಿದೇಶ ಸೇವೆಯ ಕಾರ್ಯಕ್ರಮಗಳು ಇಲ್ಲಿಂದ ಹೊರದೇಶಗಳಿಗೆ ಹೋದುವು. ನಮ್ಮ ನಾಲ್ಕು ಊರುಗಳು ಇಲ್ಲಿಂದ ನೇರ ದೂರದಲ್ಲಿ ಸುಮಾರು 40ರಿಂದ 100 ಕಿ.ಮೀ. ಒಳಗೇ ಇವೆ. ಇಷ್ಟು ಸಮೀಪದಲ್ಲಿ ಇಷ್ಟು ಬಲದ ಪ್ರಸಾರವಿದ್ದರೆ ಪಾವಗಡದಲ್ಲಿ ಅದು ಗುಡುಗಿದಂತೆ ಕೇಳಬೇಕಲ್ಲವೆ? ಹಾಗೆ ಆಗಬೇಕಾಗಿಲ್ಲ. ಲೆಕ್ಕ ಮಾಡಿ ನೋಡೋಣ.

ಅಯಾನುಗೋಳಕ್ಕೆ ನೇರವಾಗಿ ಮೇಲಕ್ಕೆ ಬಿಟ್ಟ ಅಲೆಯು ಯಾವ ಗರಿಷ್ಠ ಆವೃತ್ತಿಯವರೆಗೆ ಹಿಂದಿರುಗುತ್ತದೊ ಅದು ಅವಧಿಕ ಆವೃತ್ತಿ. ಒಂದು ಘನಮೀಟರಿನಲ್ಲಿರುವ ಇಲೆಕ್ಟ್ರಾನುಗಳ ಸಂಖ್ಯೆಯ ವರ್ಗಮೂಲವನ್ನು 9ರಿಂದ ಗುಣಿಸಿದರೆ ಅದು ಹರ್ಟ್ಸ್‌ಗಳಲ್ಲಿ ದೊರೆಯುತ್ತದೆ. ಹಗಲಿನ ಎಫ್ ಪದರದಲ್ಲಿ ಘನಮೀಟರಿಗೆ ಒಂದು ಲಕ್ಷ ಕೋಟಿ ಇಲೆಕ್ಟ್ರಾನುಗಳಿವೆ ಎನ್ನಿ. ಅದರ ವರ್ಗಮೂಲ ಹತ್ತು ಲಕ್ಷ. ಅಂದಮೇಲೆ ಅವಧಿಕ ಆವೃತ್ತಿ 9 ಮೆಗಾಹರ್ಟ್ಸ್.

ಪ್ರಸಾರವಿರುವುದು 15 ಮೆಗಾಹರ್ಟ್ಸ್‌ನಲ್ಲಿ ಎಂದಿಟ್ಟುಕೊಳ್ಳಿ. ನೇರವಾಗಿ ಮೇಲೆ ಹೋದ ಅಲೆ ಪದರವನ್ನು ತೂರಿ ಅಂತರಿಕ್ಷಕ್ಕೆ ಹೋಗಿಬಿಡುತ್ತದೆ. ಓರೆಯಾಗಿ ಹೋದದ್ದು ಮಾತ್ರ ಮರಳುತ್ತದೆ. ಮರಳಬೇಕಾದರೆ ಪತನ ಕೋನದ ಕೊಸೈನು 9/15ಕ್ಕೆ, ಅಂದರೆ 0.6ಕ್ಕೆ ಮೀರಬಾರದು. ನಿಮ್ಮ ವಿದ್ಯಾರ್ಥಿಗಳಿಗೆ ಪರಿಚಿತವಾದ 3-4-5 ತ್ರಿಕೋನವೇ ಇದು! ಕೊಸೈನು 3/5 ಆದಾಗ ಟ್ಯಾಂಜೆಂಟು 4/3. ಪದರದ ಎತ್ತರ 300 ಕಿ.ಮೀ. ಆದರೆ, ಹೋಗುವ ಮತ್ತು ಬರುವ ಎರಡೂ ಭಾಗ ಸೇರಿ ದೂರ 2 x 300 x 4/3 = 800 ಕಿ.ಮೀ. ಭೂಮಿಯ ಬಾಗನ್ನು ಇಲ್ಲಿ ಬಿಟ್ಟಿದ್ದೇವೆ. ಆದರೂ ಅಂದಾಜಿಗೆ ಇದು ಸಾಕು.

ಹೀಗೆ ಭೂತರಂಗ ಮುಗಿದ ಜಾಗದಿಂದ ಆಕಾಶ ತರಂಗ ಇಳಿಯುವ 800 ಕಿ.ಮೀ.ವರೆಗೆ ಒಂದು ಮೌನ ವಲಯ ಉಂಟಾಗುತ್ತದೆ. ಪಾವಗಡವೂ ಸಿರಾವೂ ಈ ವಲಯದ ಒಳಗೆ ಬೀಳುತ್ತವೆ. ಅಲ್ಲಿ ಅಷ್ಟಿಷ್ಟು ಚದುರಿದ ಅಲೆಗಳು ಮಾತ್ರ ಸಿಕ್ಕಾವು; ಸಾವಿರಾರು ಕಿಲೊಮೀಟರ್ ಆಚೆಯ ಕೇಳುಗನಿಗೆ ದನಿ ಸ್ಪಷ್ಟ! ದೀಪದ ಬುಡದಲ್ಲಿ ಕತ್ತಲೆ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ವಿಜ್ಞಾನದ ಉದಾಹರಣೆ ಸಿಕ್ಕೀತೆ?

ಒಳ್ಳೆಯ ಗ್ರಾಹಕದ ಲಕ್ಷಣಗಳು

ಇಂಥ ಅಲೆಗಳನ್ನು ಹಿಡಿಯುವ ಗ್ರಾಹಕ ಹೇಗಿರಬೇಕು? ಜನ ಸಾಮಾನ್ಯವಾಗಿ "ತುಂಬ ದೂರದ್ದನ್ನು ಹಿಡಿಯಬೇಕು" ಎನ್ನುತ್ತಾರೆ. ಇದು ಸಂವೇದನಾ ಸಾಮರ್ಥ್ಯ. ಆದರೆ ಇಂದಿನ ಅಗ್ಗದ ಸೆಟ್ಟಿನಲ್ಲೂ ಇದು ಸಾಕಷ್ಟು ಇರುತ್ತದೆ. ನಿಜವಾದ ಕಷ್ಟ ಇರುವುದು ಬೇಡದ್ದನ್ನು ಹೊರಗಿಡುವುದರಲ್ಲಿ.

ಹ್ರಸ್ವತರಂಗದಲ್ಲಿ ಕೇಂದ್ರಗಳು 5 ಕಿಲೊಹರ್ಟ್ಸ್ ಅಂತರದಲ್ಲಿ ಒತ್ತೊತ್ತಾಗಿ ಕುಳಿತಿರುತ್ತವೆ. ಪ್ರೇರಕ ಮತ್ತು ಧಾರಕಗಳ ಒಂದು ಶ್ರುತಿ ಮಂಡಲದ ಗುಣಾಂಕ 50 ಇದ್ದರೆ, 10 ಮೆಗಾಹರ್ಟ್ಸ್‌ನಲ್ಲಿ ಅದು 200 ಕಿಲೊಹರ್ಟ್ಸ್ ಅಗಲದ ಬಾಗಿಲು ತೆರೆಯುತ್ತದೆ. ಹತ್ತಾರು ಕೇಂದ್ರಗಳು ಒಟ್ಟಿಗೇ ನುಗ್ಗುತ್ತವೆ. ಅದೇ ಗುಣಾಂಕದ ಮಂಡಲವನ್ನು 455 ಕಿಲೊಹರ್ಟ್ಸ್‌ನಲ್ಲಿ ಬಳಸಿದರೆ ಬಾಗಿಲಿನ ಅಗಲ ಸುಮಾರು 9 ಕಿಲೊಹರ್ಟ್ಸ್ ಮಾತ್ರ. ಇದನ್ನು ಬಳಸಿಕೊಂಡದ್ದೇ ಎಡ್ವಿನ್ ಆರ್ಮ್‌ಸ್ಟ್ರಾಂಗ್ 1918ರಲ್ಲಿ ರೂಪಿಸಿದ ಸೂಪರ್‌ಹೆಟರೊಡೈನ್ ವಿಧಾನ. ಗ್ರಾಹಕದೊಳಗಿನ ಆಂದೋಲಕವೊಂದು ತನ್ನದೇ ಅಲೆಯನ್ನು ಬರುವ ಅಲೆಯೊಡನೆ ಬೆರೆಸಿ, ಎರಡರ ವ್ಯತ್ಯಾಸದ ಆವೃತ್ತಿಯನ್ನು ಉಂಟುಮಾಡುತ್ತದೆ. ಯಾವ ಕೇಂದ್ರವನ್ನು ಆರಿಸಿದರೂ ವ್ಯತ್ಯಾಸ 455 ಕಿಲೊಹರ್ಟ್ಸ್ ಆಗುವಂತೆ ಆಂದೋಲಕವನ್ನು ಹೊಂದಿಸಲಾಗುತ್ತದೆ. ಸೋಸುವ ಕೆಲಸವೆಲ್ಲ ಅಲ್ಲಿ ನಡೆಯುತ್ತದೆ.

ಇದರಲ್ಲಿ ಒಂದು ತೊಡಕಿದೆ. ಆಂದೋಲಕ 11.345 ಮೆಗಾಹರ್ಟ್ಸ್‌ನಲ್ಲಿದ್ದರೆ, ಅದಕ್ಕಿಂತ 455 ಕಿಲೊಹರ್ಟ್ಸ್ ಕೆಳಗಿನ 10.890 ಮೆಗಾಹರ್ಟ್ಸ್ ಕೇಳುತ್ತದೆ. ಅಷ್ಟೇ ಮೇಲಿರುವ 11.800 ಮೆಗಾಹರ್ಟ್ಸ್ ಕೂಡ ಒಳಗೆ ಬರುತ್ತದೆ. ಇದು ಪ್ರತಿಬಿಂಬ ಆವೃತ್ತಿ. ಮುಂದಿರುವ ಒಂದೇ ಶ್ರುತಿ ಮಂಡಲ, ಈ ಪ್ರದೇಶದಲ್ಲಿ ಪ್ರತಿಬಿಂಬವನ್ನು ಸುಮಾರು ಎಂಟನೆಯ ಒಂದು ಪಾಲಿಗಷ್ಟೇ ಇಳಿಸಬಲ್ಲದು. ಬಲವಾದ ಕೇಂದ್ರಕ್ಕೆ ಅಷ್ಟು ತಡೆ ಯಾವ ಲೆಕ್ಕ? ಅದು ತನ್ನದಲ್ಲದ ಜಾಗದಲ್ಲೂ ಮೊಳಗುತ್ತದೆ. ಒಳ್ಳೆಯ ವಾಲ್ವ್ ಸೆಟ್ಟುಗಳಲ್ಲಿ ಇದಕ್ಕೆಂದೇ ಮುಂದೆ ಇನ್ನೊಂದು ಶ್ರುತಿ ಹಂತ ಇರುತ್ತಿತ್ತು. ಆಗ ತಡೆ ಎಂಟರ ವರ್ಗ, ಅಂದರೆ ಅರವತ್ತನಾಲ್ಕು ಪಟ್ಟು! ನಂತರದ ಉತ್ತಮ ಸೆಟ್ಟುಗಳು ಬಂದ ಅಲೆಯನ್ನು ಮೊದಲು ಸುಮಾರು 55 ಮೆಗಾಹರ್ಟ್ಸ್‌ಗೆ ಏರಿಸಿ, ಆಮೇಲೆ 455 ಕಿಲೊಹರ್ಟ್ಸ್‌ಗೆ ಇಳಿಸಿದುವು. ಆಗ ಪ್ರತಿಬಿಂಬ 110 ಮೆಗಾಹರ್ಟ್ಸ್ ಆಚೆ ಹೋಗಿಬಿಡುವುದರಿಂದ ಅದನ್ನು ತಡೆಯುವುದು ಸುಲಭ.

ಇನ್ನೊಂದು ಗುಣ, ಮಂಕಾಗುವಿಕೆಯನ್ನು ತಾಳಿಕೊಳ್ಳುವುದು. ಆಕಾಶ ತರಂಗಗಳು ಬೇರೆ ಬೇರೆ ದಾರಿಯಲ್ಲಿ ಬಂದು ಒಂದನ್ನೊಂದು ಅಳಿಸುತ್ತವೆ. ಮಾತನ್ನು ಹೊತ್ತ ಪಕ್ಕಪಟ್ಟಿಗಳು ಉಳಿದು ವಾಹಕ ಅಲೆ ಮಾತ್ರ ಅಳಿಸಿಹೋದಾಗ ಧ್ವನಿ ವಿಕಾರವಾಗುತ್ತದೆ. ಗ್ರಾಹಕವೇ ಒಂದು ಸ್ಥಿರ ವಾಹಕವನ್ನು ತಯಾರಿಸಿ ಅದರ ಜಾಗದಲ್ಲಿ ಇಡುವುದು ಸಮಕಾಲಿಕ ಪತ್ತೆ ವಿಧಾನ. 1980ರ ದಶಕದ ಸೋನಿ ಐಸಿಎಫ್-2010 ಸೆಟ್ಟನ್ನು ಹವ್ಯಾಸಿಗಳು ಇಂದಿಗೂ ನೆನೆಯುವುದು ಮುಖ್ಯವಾಗಿ ಈ ಸೌಲಭ್ಯಕ್ಕಾಗಿ.

ಅಂಥ ಸೆಟ್ಟುಗಳು ಏಕೆ ಇಲ್ಲವಾದುವು?

ಒಂದು ಕಾಲದಲ್ಲಿ ರೇಡಿಯೊ ನಮ್ಮ ನಾಡಿನದೇ ಉದ್ಯಮವಾಗಿತ್ತು. 1954ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್, 1960ರ ದಶಕದಲ್ಲಿ ರೇಡಿಯೊ ವಾಲ್ವುಗಳನ್ನೂ ಟ್ರಾನ್ಸಿಸ್ಟರುಗಳನ್ನೂ ತಯಾರಿಸಿತು. ಫಿಲಿಪ್ಸ್, ಮರ್ಫಿ, ಬುಷ್ ಸೆಟ್ಟುಗಳು ಹಳ್ಳಿಹಳ್ಳಿಗೂ ಬಂದುವು. ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಮಾಡಿಸಿ ರೇಡಿಯೊ ಕೇಳುತ್ತಿದ್ದ ಕಾಲ ಅದು. ಊರಿನಲ್ಲೊಬ್ಬ ರೇಡಿಯೊ ರಿಪೇರಿಯವನಿದ್ದ; ಮಂಡಲದ ನಕ್ಷೆ ಓದಿ, ಬೆಸುಗೆ ಹಾಕಿ ಸೆಟ್ಟನ್ನು ಬದುಕಿಸುತ್ತಿದ್ದ.

ಪ್ರಸಾರ ಕೇಂದ್ರಗಳು ಒಂದೊಂದಾಗಿ ಹ್ರಸ್ವತರಂಗವನ್ನು ಬಿಟ್ಟವು. ರೇಡಿಯೊ ನೆದರ್‌ಲ್ಯಾಂಡ್ಸ್ 2012ರಲ್ಲಿ, ರೇಡಿಯೊ ಆಸ್ಟ್ರೇಲಿಯ 2017ರಲ್ಲಿ ಹ್ರಸ್ವತರಂಗ ಪ್ರಸಾರ ನಿಲ್ಲಿಸಿದುವು. ಬಿಬಿಸಿ ಹಿಂದಿ ಸೇವೆಯ ಹ್ರಸ್ವತರಂಗ ಪ್ರಸಾರ 2020ರ ಜನವರಿ 31ರಂದು ಕೊನೆಗೊಂಡಿತು. ವಾಯ್ಸ್ ಆಫ್ ಅಮೆರಿಕದ ಪ್ರಸಾರ 2025ರ ಮಾರ್ಚ್‌ನಲ್ಲಿ ಬಹುಮಟ್ಟಿಗೆ ಸ್ಥಗಿತವಾಯಿತು. ಕೇಳುಗರು ಕಡಿಮೆಯಾದಂತೆ ಸೆಟ್ಟು ಮಾಡುವವರೂ ಕಡಿಮೆಯಾದರು. ಸೋನಿ 2001ರಲ್ಲಿ ತಂದ ಐಸಿಎಫ್-ಎಸ್‌ಡಬ್ಲ್ಯು7600ಜಿಆರ್ ಮಾದರಿಯ ತಯಾರಿಕೆಯೂ ನಿಂತಿದೆ. ಸೆಟ್ಟು ಹೋದರೆ ಅದರ ಬಿಡಿಭಾಗಗಳೂ ಹೋಗುತ್ತವೆ. ಬಿಡಿಭಾಗ ಹೋದರೆ ರಿಪೇರಿಯ ವಿದ್ಯೆಯೂ ಹೋಗುತ್ತದೆ.

ಈಗ ಅಂಗಡಿಯಲ್ಲಿ ದೊರೆಯುವ ಅಗ್ಗದ ಸೆಟ್ಟುಗಳ ಮೇಲೆ ಎಂಟು, ಹತ್ತು ಬ್ಯಾಂಡುಗಳ ಹೆಸರಿರುತ್ತದೆ. ಒಳಗೆ ಅನೇಕ ವೇಳೆ ಒಂದೇ ಶ್ರುತಿ ಮಂಡಲ. ಬ್ಯಾಂಡುಗಳ ಸಂಖ್ಯೆ ಗುಣಮಟ್ಟದ ಅಳತೆಯಲ್ಲ ಎಂಬುದನ್ನು ವಿದ್ಯಾರ್ಥಿಗಳಿಗೆ ಒತ್ತಿ ಹೇಳಿ.

ಹಾಗೆಂದು ಹೊಸತೆಲ್ಲ ಕಳಪೆ ಎನ್ನುವುದೂ ಸರಿಯಲ್ಲ. ಸೋಸುವ ಕೆಲಸವನ್ನು ಅಂಕೀಯ ಚಿಪ್ಪಿಗೆ ಒಪ್ಪಿಸಿದ ಅಂಗೈಯಗಲದ ಸೆಟ್ಟುಗಳು ಬಂದಿವೆ. ಅವುಗಳ ಆಯ್ಕೆ ಸಾಮರ್ಥ್ಯ ಹಳೆಯ ಎಷ್ಟೋ ಸೆಟ್ಟುಗಳಿಗಿಂತ ಮೇಲು. ಕಂಪ್ಯೂಟರಿಗೆ ಸಿಕ್ಕಿಸುವ ಅಗ್ಗದ ಗ್ರಾಹಕಗಳೂ ಇವೆ. ಇವುಗಳ ದೌರ್ಬಲ್ಯ ಬೇರೆ. ಆಂಟೆನಾದಲ್ಲಿ ಒಂದು ಮೈಕ್ರೊವೋಲ್ಟಿನ ದುರ್ಬಲ ಅಲೆಯೂ ಹತ್ತಾರು ಮಿಲಿವೋಲ್ಟಿನ ಪ್ರಬಲ ಅಲೆಯೂ ಒಟ್ಟಿಗೆ ಇರುತ್ತವೆ. ಅನುಪಾತ ಹತ್ತಾರು ಸಾವಿರ. 8 ಬಿಟ್ಟಿನ ಪರಿವರ್ತಕ ಗುರುತಿಸುವುದು 256 ಮೆಟ್ಟಿಲುಗಳನ್ನು ಮಾತ್ರ. ಪ್ರಬಲ ಅಲೆ ಮೆಟ್ಟಿಲುಗಳನ್ನೆಲ್ಲ ತುಂಬಿಬಿಟ್ಟರೆ ದುರ್ಬಲ ಅಲೆಗೆ ಜಾಗವೆಲ್ಲಿ? ಮುಂದೆ ಒಳ್ಳೆಯ ಶ್ರುತಿ ಮಂಡಲ ಬೇಕೆಂಬ ಹಳೆಯ ಪಾಠ ಇಲ್ಲೂ ತಪ್ಪಿದ್ದಲ್ಲ.

ಕಾಣದ ಇನ್ನೊಂದು ನಷ್ಟ

ಒಳ್ಳೆಯ ಸೆಟ್ಟು ಸಿಕ್ಕಿದರೂ ಹಿಂದಿನಂತೆ ಕೇಳದಿರುವುದಕ್ಕೆ ಮತ್ತೊಂದು ಕಾರಣವಿದೆ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರು, ಯುಪಿಎಸ್, ಸೌರ ಇನ್‌ವರ್ಟರು ಇವೆಲ್ಲ ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಬಾರಿ ಕಡಿದು ಜೋಡಿಸುತ್ತವೆ. ಚಾರ್ಜರೊಂದು 100 ಕಿಲೊಹರ್ಟ್ಸ್‌ನಲ್ಲಿ ಹೀಗೆ ಮಾಡುತ್ತಿದ್ದರೆ ಅದರ ಎರಡು, ಮೂರು, ನಾಲ್ಕು ಪಟ್ಟು ಆವೃತ್ತಿಗಳೂ ಹುಟ್ಟುತ್ತವೆ. ನೂರನೆಯ ಪಟ್ಟು 10 ಮೆಗಾಹರ್ಟ್ಸ್! ಸರಿಯಾದ ಸೋಸುಕವಿಲ್ಲದ ಅಗ್ಗದ ಸಾಧನ ಇಡೀ ಹ್ರಸ್ವತರಂಗ ಪಟ್ಟಿಯನ್ನು ಕರಕರ ಸದ್ದಿನಿಂದ ತುಂಬಬಲ್ಲದು.

ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತಮುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನ 2019ರ ಕೊನೆಗೆ ಪೂರ್ಣವಾಯಿತು. ಇಂಥ ಸ್ಥಾವರಗಳಲ್ಲೂ ಏಕಮುಖ ವಿದ್ಯುತ್ತನ್ನು ಪರ್ಯಾಯ ವಿದ್ಯುತ್ತಾಗಿಸುವುದು ಇನ್‌ವರ್ಟರುಗಳೇ. ಅವು ಸೂಸುವ ರೇಡಿಯೊ ಗದ್ದಲಕ್ಕೆ ಮಿತಿ ಹಾಕುವ ಮಾನಕಗಳಿವೆ. ಮನೆಯ ಚಿಕ್ಕ ಚಾರ್ಜರಿನಿಂದ ಎಷ್ಟು ಗದ್ದಲ, ಸೌರಫಲಕಗಳ ಬಯಲಿನ ಬಳಿ ಎಷ್ಟು, ಊರಿನಿಂದ ದೂರದ ಕೆರೆ ಏರಿಯ ಮೇಲೆ ಎಷ್ಟು ಎಂಬುದು ಊಹಿಸಿ ಹೇಳಬೇಕಾದ ವಿಷಯವಲ್ಲ. ಒಂದು ರೇಡಿಯೊ ಹಿಡಿದು ನಿಮ್ಮ ವಿದ್ಯಾರ್ಥಿಗಳೇ ಅಳೆಯಬಹುದು.

ಆದ್ದರಿಂದ ಹವ್ಯಾಸಿಗಳ ಕೊರಗು ಅರ್ಧ ಸರಿ. ಕಳೆದುಹೋದದ್ದು ಪೆಟ್ಟಿಗೆಯಷ್ಟೇ ಅಲ್ಲ, ಆಕಾಶದ ನಿಶ್ಶಬ್ದ ಕೂಡ. ಸೆಟ್ಟು ಕೊಳ್ಳಲು ಹಣವಿದ್ದರೆ ಸಾಕು. ನಿಶ್ಶಬ್ದವನ್ನು ಹುಡುಕಿಕೊಂಡು ಹೋಗಬೇಕು. ಅದು ಹಳ್ಳಿಯ ಶಾಲೆಗೆ ನಗರದ ಶಾಲೆಗಿಂತ ಹತ್ತಿರದಲ್ಲಿದೆ.

ನಿಶ್ಶಬ್ದದ ಬೆಲೆ ಬಲ್ಲ ನೆರೆಯವರು

ಮಧುಗಿರಿಯ ಪೂರ್ವಕ್ಕಿರುವ ಗೌರಿಬಿದನೂರು ತಾಲ್ಲೂಕಿನಲ್ಲಿ 1976ರಿಂದ ಒಂದು ರೇಡಿಯೊ ವೀಕ್ಷಣಾಲಯವಿದೆ. ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆ ಮತ್ತು ಭಾರತೀಯ ಖಭೌತವಿಜ್ಞಾನ ಸಂಸ್ಥೆಗಳು ಸೇರಿ ಕಟ್ಟಿದ್ದು. ಅಲ್ಲಿ ಸಾವಿರ ದ್ವಿಧ್ರುವ ಆಂಟೆನಾಗಳನ್ನು ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ನಿಲ್ಲಿಸಲಾಗಿತ್ತು. ಅದು ಕೇಳುತ್ತಿದ್ದ ಆವೃತ್ತಿ 34.5 ಮೆಗಾಹರ್ಟ್ಸ್, ಹ್ರಸ್ವತರಂಗದ ಮೇಲಂಚಿಗೆ ತೀರ ಸಮೀಪ. ಅದೇ ಆವೃತ್ತಿಯಲ್ಲಿ ಆಕಾಶದ ವಿಸ್ತೃತ ನಕ್ಷೆ ತಯಾರಾಯಿತು. ನಂತರ ಅಲ್ಲೇ ಸೂರ್ಯನನ್ನು ವೀಕ್ಷಿಸುವ ರೇಡಿಯೊ ಹೀಲಿಯೊಗ್ರಾಫ್ ಕೂಡ ಬಂತು.

ನಿಮ್ಮ ಶಾಲೆಯ ರೇಡಿಯೊ ಕೂಡ ಇದೇ ಬಳಗಕ್ಕೆ ಸೇರಿದ್ದು. ಗುರುಗ್ರಹದಿಂದ ರೇಡಿಯೊ ಸ್ಫೋಟಗಳು ಬರುತ್ತವೆಂದು ಬರ್ಕ್ ಮತ್ತು ಫ್ರಾಂಕ್ಲಿನ್ 1955ರಲ್ಲಿ ಕಂಡುಹಿಡಿದದ್ದು 22.2 ಮೆಗಾಹರ್ಟ್ಸ್‌ನಲ್ಲಿ. ಇಂದಿಗೂ ವಿದ್ಯಾರ್ಥಿಗಳು 20.1 ಮೆಗಾಹರ್ಟ್ಸ್ ಬಳಿ, ಒಟ್ಟು 7.1 ಮೀಟರ್ ಉದ್ದದ ದ್ವಿಧ್ರುವ ತಂತಿಗಳನ್ನು ಕಟ್ಟಿ, ಅದನ್ನು ಸಮುದ್ರದ ಅಲೆ ದಡಕ್ಕೆ ಬಡಿದಂತೆ ಕೇಳುತ್ತಾರೆ. ಸೂರ್ಯನ ಮೇಲೆ ಪ್ರಬಲ ಜ್ವಾಲೆ ಎದ್ದರೆ ಅದರ ಕ್ಷ-ಕಿರಣಗಳು ಎಂಟು ನಿಮಿಷಗಳಲ್ಲಿ ಇಲ್ಲಿಗೆ ಬಂದು ಡಿ ಪದರವನ್ನು ದಟ್ಟವಾಗಿಸುತ್ತವೆ. ಹಗಲಿನಲ್ಲಿ ಕೇಳುತ್ತಿದ್ದ ಕೇಂದ್ರಗಳು ಒಮ್ಮೆಗೇ ಮಾಯವಾಗಿ, ಎಷ್ಟೋ ನಿಮಿಷಗಳ ನಂತರ ಮರಳುತ್ತವೆ. ದೂರದರ್ಶಕವಿಲ್ಲದೆ ಸೂರ್ಯನ ವರ್ತನೆಯನ್ನು ಗಮನಿಸುವ ಇಷ್ಟು ಅಗ್ಗದ ಉಪಕರಣ ಬೇರೆ ಯಾವುದಿದೆ? ಅಂತರಜಾಲದಲ್ಲಿ ದೂರದೂರಿನ ಗ್ರಾಹಕವನ್ನು ನಡೆಸಿ ಕೇಳುವ ಸೌಲಭ್ಯ ಈಗ ಇದೆ, ನಿಜ. ಆದರೆ ಅದು ತೋರಿಸುವುದು ಆ ಊರಿನ ಆಕಾಶವನ್ನು, ನಿಮ್ಮದನ್ನಲ್ಲ.

ಮಾಡಿ ನೋಡಿ

1. ಬ್ಯಾಟರಿಯಿಂದ ನಡೆಯುವ ಸೆಟ್ಟೊಂದನ್ನು ಕೇಂದ್ರವಿಲ್ಲದ ಜಾಗಕ್ಕೆ ತಿರುಗಿಸಿ ಗದ್ದಲ ಕೇಳಿ. ಮನೆಯ ಮೇನ್ ಸ್ವಿಚ್ ಆರಿಸಿ ಮತ್ತೆ ಕೇಳಿ. ಊರಿಗೇ ಕರೆಂಟ್ ಹೋದಾಗ ಇನ್ನೊಮ್ಮೆ ಕೇಳಿ. ಮೂರರ ವ್ಯತ್ಯಾಸ ಬರೆದುಕೊಳ್ಳಿ. ಕರೆಂಟ್ ಹೋದ ಹೊತ್ತು ಹ್ರಸ್ವತರಂಗದ ಕೇಳುಗನಿಗೆ ಹಬ್ಬ!

2. ಬಲವಾದ ಕೇಂದ್ರವೊಂದನ್ನು ಹಿಡಿದು ಅದರ ಆವೃತ್ತಿ ಗುರುತಿಸಿ. ಅದಕ್ಕಿಂತ 910 ಕಿಲೊಹರ್ಟ್ಸ್ ಕೆಳಗೆ ಹುಡುಕಿ. ಅದೇ ಕಾರ್ಯಕ್ರಮ ಅಲ್ಲೂ ಕೇಳಿದರೆ ನಿಮ್ಮ ಸೆಟ್ಟಿನ ಪ್ರತಿಬಿಂಬ ತಡೆ ಸಾಲದು.

3. ಕಿಟಕಿಯಿಂದ ಹುಣಸೆ ಮರಕ್ಕೊ ತೆಂಗಿನ ಮರಕ್ಕೊ ಹತ್ತು ಮೀಟರ್ ತಂತಿ ಕಟ್ಟಿ ಆಂಟೆನಾಗೆ ಸೇರಿಸಿ. ವಿದ್ಯುತ್ ತಂತಿಗಳ ಹತ್ತಿರ ಎಂದಿಗೂ ಕಟ್ಟಬೇಡಿ. ಗುಡುಗು ಮಿಂಚಿನ ಸೂಚನೆ ಕಂಡೊಡನೆ ಸೆಟ್ಟಿನಿಂದ ತಂತಿ ಬಿಡಿಸಿ.

4. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ನಾಲ್ಕು ಶಾಲೆಗಳು ಒಂದೇ ಕೇಂದ್ರವನ್ನು ಒಂದೇ ವೇಳೆಯಲ್ಲಿ ತಿಂಗಳ ಕಾಲ ಕೇಳಿ ದಾಖಲಿಸಲಿ. ಸಂಕೇತದ ಬಲ, ಅಡ್ಡಿ, ಗದ್ದಲ, ಮಂಕಾಗುವಿಕೆ, ಒಟ್ಟಾರೆ ಗುಣ ಎಂಬ ಐದು ಅಂಶಗಳಿಗೆ 1ರಿಂದ 5ರ ಅಂಕ ಕೊಡುವ ಪದ್ಧತಿಯನ್ನು ಹವ್ಯಾಸಿಗಳು ಪ್ರಪಂಚದಾದ್ಯಂತ ಬಳಸುತ್ತಾರೆ. ನಾಲ್ಕೂ ಕಡೆ ಒಟ್ಟಿಗೇ ಮಂಕಾದರೆ ಕಾರಣ ಬಹುಶಃ ಆಕಾಶದಲ್ಲಿದೆ; ಒಂದೇ ಕಡೆ ಕೆಟ್ಟರೆ ಕಾರಣ ಆ ಊರಿನಲ್ಲಿದೆ.

ರೇಡಿಯೊ ಪ್ರಸಾರ ಕೇಳುವುದಕ್ಕೆ ಲೈಸೆನ್ಸ್ ಬೇಡ. ಹವ್ಯಾಸಿಯಾಗಿ ಪ್ರೇಷಕ ಬಳಸಿ ಮಾತನಾಡುವುದಕ್ಕೆ ಹ್ಯಾಮ್ ಪರೀಕ್ಷೆ ಬರೆದು ಲೈಸೆನ್ಸ್ ಪಡೆಯಬೇಕು. ಹೈದರಾಬಾದಿನ ಅಶ್ಹರ್ ಫರ್ಹಾನ್ ರೂಪಿಸಿದ ಬಿಟ್‌ಎಕ್ಸ್ ಎಂಬ ಸರಳ ರೇಡಿಯೊವನ್ನು ಅಗ್ಗದ ಬಿಡಿಭಾಗಗಳಿಂದ ದೇಶವಿದೇಶಗಳ ಹವ್ಯಾಸಿಗಳು ಕೈಯಾರೆ ಕಟ್ಟಿದ್ದಾರೆ. ಕಾರ್ಖಾನೆ ಒಳ್ಳೆಯ ಗ್ರಾಹಕ ಮಾಡುವುದನ್ನು ನಿಲ್ಲಿಸಿದರೂ, ಒಳ್ಳೆಯ ಗ್ರಾಹಕ ಎಂದರೇನೆಂದು ಬಲ್ಲವರು ಅದನ್ನು ಕಟ್ಟಿಕೊಳ್ಳಬಹುದು. ಆ ತಿಳಿವಳಿಕೆ ಉಳಿಯಬೇಕಾದ ಜಾಗ ಶಾಲೆ. ಮೊದಲು ನಿಮ್ಮ ಊರಿನಲ್ಲಿ ಉಳಿದಿರುವ ಹಳೆಯ ಸೆಟ್ಟುಗಳನ್ನು ಲೆಕ್ಕ ಹಾಕಿ. ರಿಪೇರಿ ಬಲ್ಲ ಹಿರಿಯರೊಬ್ಬರು ಸಿಕ್ಕರೆ ಅವರನ್ನು ಒಂದು ಮಧ್ಯಾಹ್ನ ತರಗತಿಗೆ ಕರೆಯಿರಿ.